ಮರಗೆಲಸ: ಹವ್ಯಾಸವಾಗಿಯೇ ಇರಲಾ, ಆರ್ಡರ್ ಹಿಡಿಯಲಾ? ಮುಂಬೈ ಫ್ಲ್ಯಾಟಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ರಜೆಯ ದಿನ ಬಾಲ್ಕನಿಯಲ್ಲಿ ಕೂತು ಒಂದು ಸ್ಟೂಲು ಮಾಡಿ ಮುಗಿಸಿದಿರಿ ಅಂತಿಟ್ಟುಕೊಳ್ಳಿ. ನೋಡಿದವರಲ್ಲಿ ಒಬ್ಬರಾದರೂ "ನಮಗೂ ಒಂದು ಮಾಡಿಕೊಡ್ತೀರಾ? ದುಡ್ಡು ಕೊಡ್ತೀವಿ" ಅಂತ ಕೇಳೇ ಕೇಳುತ್ತಾರೆ. ಹೌದು ಅನ್ನುವುದು ಸುಲಭ. ಆದರೆ ಅಲ್ಲಿಂದ ಮುಂದೆ ಕೆಲಸವೇ ಬೇರೆಯಾಗುತ್ತದೆ. ಉಳಿ ಅದೇ, ಮರ ಅದೇ, ಕೈಯೂ ಅದೇ. ಹವ್ಯಾಸದಲ್ಲಿ ಹೊತ್ತಿನ ಲೆಕ್ಕ ಯಾರೂ ಕೇಳುವುದಿಲ್ಲ. ಕಾಸು ಪಡೆದ ಮೇಲೆ ಪ್ರತಿ ಗಂಟೆಗೂ ಲೆಕ್ಕ ಬೇಕು. ಎಷ್ಟು ಗಂಟೆ ಹಿಡಿಯುತ್ತದೆ ಅನ್ನುವುದು ಗೊತ್ತಿಲ್ಲದೆ ಆರ್ಡರ್ ಹಿಡಿಯಬಾರದು ಅನ್ನುವುದೇ ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳುವುದು.

ನಾನು ಡೊಂಬಿವಲಿಯಲ್ಲಿರುವವನು. ಇಲ್ಲಿ, ಠಾಣೆಯಲ್ಲಿ, ಗೋರೆಗಾಂವ್, ಮೀರಾ ರೋಡ್ ಕಡೆ ನಮ್ಮ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಬ್ಯಾಂಕು, ಹೋಟೆಲು, ಐಟಿ ಅಂತ ದುಡಿದು ಬಂದು ಕೈಗೆ ಏನಾದರೂ ಕೆಲಸ ಬೇಕು ಅನ್ನುವವರು. ಅವರನ್ನೇ ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಊರಲ್ಲಾದರೆ ಮನೆ ಹಿಂದೆ ಒಂದು ಕೊಟ್ಟಿಗೆ ಸಿಗುತ್ತದೆ. ಇಲ್ಲಿ ಎಲ್ಲ ಕೆಲಸವೂ ಎರಡು ಕೋಣೆಯ ಮನೆಯೊಳಗೇ ಆಗಬೇಕು.

ಹೆಜ್ಜೆ 1: ಜಾಗ, ಸದ್ದು, ಅಕ್ಕಪಕ್ಕ

ಹತಾರ ಕೊಳ್ಳುವ ಮೊದಲು ಸೊಸೈಟಿಯ ಸೆಕ್ರೆಟರಿ ಹತ್ತಿರ ಮಾತಾಡಿ. ಹವ್ಯಾಸಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಸದ್ದಿನ ಹೊತ್ತು ಯಾವುದು ಅಂತ ಕೇಳಿ ಇಟ್ಟುಕೊಂಡರೆ ಸಾಕು. ಹೆಚ್ಚಿನ ಸೊಸೈಟಿಗಳಲ್ಲಿ ಮಧ್ಯಾಹ್ನ ಮಲಗುವ ಹೊತ್ತಿಗೆ ಡ್ರಿಲ್ ಓಡಿಸಲು ಬಿಡುವುದಿಲ್ಲ. ದೇಶದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಮರ ಕೊಯ್ಯುವ ಮೆಷಿನ್ನಿನ ಪಕ್ಕದಲ್ಲಿ ನಿಂತರೆ ಸದ್ದು 90 ಡೆಸಿಬೆಲ್ ದಾಟುತ್ತದೆ. ಹಾಗಾಗಿ ಫ್ಲ್ಯಾಟಿನಲ್ಲಿ ಕೈ ಹತಾರವೇ ಮುಖ್ಯ, ಮೆಷಿನ್ ಆಮೇಲೆ.

ಬಾಲ್ಕನಿಯಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಗಟ್ಟಿ ಬೆಂಚು ಕೂರಿಸಿದರೆ ಹೆಚ್ಚಿನ ಕೆಲಸ ಆಗುತ್ತದೆ. ಬೆಂಚು ಅಲ್ಲಾಡಬಾರದು. ಗೋಡೆಗೆ ಬೋಲ್ಟ್ ಹಾಕಿ ಬಿಗಿದರೆ ತುಂಬ ಒಳ್ಳೆಯದು, ಕೀಸುವಾಗ ತಳ್ಳುವ ಬಲವೆಲ್ಲ ಗೋಡೆ ತಡೆಯುತ್ತದೆ. ಕಾಲಿನ ಕೆಳಗೆ ದಪ್ಪ ರಬ್ಬರ್ ಹಾಸಿ. ಕೊಡತಿಯ (ಮರದ ಸುತ್ತಿಗೆಯ) ಪೆಟ್ಟಿನ ಸದ್ದು ಕೆಳಗಿನ ಮನೆಯ ಸೀಲಿಂಗಿಗೆ ನೇರ ಹೋಗುತ್ತದೆ. ನಿಮಗೆ ಅದು ಗೊತ್ತೇ ಆಗುವುದಿಲ್ಲ, ಅವರಿಗೆ ಮಾತ್ರ ಗೊತ್ತಾಗುತ್ತದೆ.

ಹೆಜ್ಜೆ 2: ಕಡಿಮೆ ಹತಾರ, ಹರಿತವಾದ ಹತಾರ

ಮಸ್ಜಿದ್ ಬಂದರ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನಾಗ್‌ದೇವಿ ಸ್ಟ್ರೀಟ್ ಇದೆ. ಹತಾರಕ್ಕೆ ಮುಂಬೈಯಲ್ಲಿ ಹೆಸರಾದ ಬೀದಿ ಅದು. ವಾರದ ದಿನವೇ ಹೋಗಿ, ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಮೊದಲ ಸಲಕ್ಕೆ ಇಷ್ಟು ಸಾಕು: 6, 12 ಮತ್ತು 25 ಮಿ.ಮೀ. ಉಳಿ, ಒಂದು ಕೈಗರಗಸ, ಸಣ್ಣ ಹಲ್ಲಿನ ಇನ್ನೊಂದು ಗರಗಸ, ಒಂದು ಕಬ್ಬಿಣದ ಕೀಸುಳಿ (ಹಲಗೆ ಕೀಸಿ ಸಮ ಮಾಡುವ ಹತಾರ), ಮೂಲೆಮಟ್ಟ (ಟ್ರೈ ಸ್ಕ್ವೇರ್), ಟೇಪು, ಮರದ ಕೊಡತಿ, ನಾಲ್ಕು ಕ್ಲಾಂಪು, ಒಂದು ಡ್ರಿಲ್ ಮೆಷಿನ್. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ. ನೇರ ಅಂಚಿರುವ ಹಲಗೆಗೆ ಒತ್ತಿ ಹಿಡಿದು ಒಂದು ಗೆರೆ ಎಳೆಯಿರಿ, ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಬಂದರೆ ಸರಿ. ಬೇರೆ ಬೇರೆ ಹೋದರೆ ವಾಪಸ್ ಇಟ್ಟುಬಿಡಿ.

ದುಬಾರಿ ಉಳಿಗಿಂತ ಹರಿತವಾದ ಉಳಿ ಮುಖ್ಯ. ಅಂಗಡಿಯಿಂದ ತಂದ ಹೊಸ ಉಳಿ ಹರಿತ ಇರುವುದಿಲ್ಲ. ದಪ್ಪ ಗಾಜಿನ ತುಂಡಿನ ಮೇಲೆ 400, 1000, 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಅಂಟಿಸಿ. ಮೊದಲು ಉಳಿಯ ಬೆನ್ನನ್ನು ಉಜ್ಜಿ, ಬಾಯಿಯ ಹತ್ತಿರದ ಒಂದು ಇಂಚಾದರೂ ಕನ್ನಡಿಯಂತೆ ಹೊಳೆಯಬೇಕು. ಆಮೇಲೆ ಇಳಿಜಾರನ್ನು 25 ಡಿಗ್ರಿಯಲ್ಲಿ ಹಿಡಿದು 400ರ ಮೇಲೆ ಎಳೆಯಿರಿ. ಬೆನ್ನಿನ ಕಡೆ ಬೆರಳು ಸವರಿದರೆ ಅಂಚಿನಲ್ಲಿ ಸಣ್ಣ ತಡೆ ಸಿಗಬೇಕು, ಈ ಬದಿಯಿಂದ ಆ ಬದಿವರೆಗೂ. ಅದು ಸಿಗದೆ ಮುಂದಿನ ಪೇಪರಿಗೆ ಹೋಗಬೇಡಿ. ಕೊನೆಗೆ ಒಂದೆರಡು ಡಿಗ್ರಿ ಎತ್ತಿ 2000ರ ಮೇಲೆ ನಾಲ್ಕೈದು ಸಲ ಎಳೆದು, ಬೆನ್ನನ್ನು ಒಮ್ಮೆ ಸವರಿ ಆ ತಡೆ ತೆಗೆಯಿರಿ. ಮೆತ್ತನೆಯ ಪೈನ್ ತುಂಡಿನ ಅಡ್ಡ ಕೊಯ್ದ ತುದಿಯನ್ನು ಉಳಿಯಿಂದ ತಳ್ಳಿ ನೋಡಿ. ಪುಡಿಪುಡಿ ಬಂದರೆ ಇನ್ನೂ ಮೊಂಡ. ತೆಳ್ಳಗೆ ಹಾಳೆಯಂತೆ ಎದ್ದು ಬಂದು, ಕೊಯ್ದ ಜಾಗ ಮಿರಮಿರ ಅಂದರೆ ಹರಿತವಾಯಿತು. ಈ ಒಂದು ವಿದ್ಯೆ ಬಂದರೆ ಅರ್ಧ ಮರಗೆಲಸ ಬಂದ ಹಾಗೆ.

ಒಂದು ಎಚ್ಚರಿಕೆ. ಇಲ್ಲಿ ಸುತಾರರು (ಬಡಗಿಗಳು) ಮಾರ್ಬಲ್ ಕಟರಿಗೆ ಮರ ಕೊಯ್ಯುವ ಬ್ಲೇಡ್ ಹಾಕಿ, ಗಾರ್ಡ್ ತೆಗೆದು, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕೊಯ್ಯುವುದನ್ನು ನೋಡಿರುತ್ತೀರಿ. ಅದನ್ನು ಕಲಿಯಲೇಬೇಡಿ. ಬ್ಲೇಡ್ ಮರದಲ್ಲಿ ಸಿಕ್ಕಿಕೊಂಡರೆ ಮೆಷಿನ್ ನಿಮ್ಮ ಕಡೆಗೇ ಎಗರುತ್ತದೆ. ದೊಡ್ಡ ಕೊಯ್ತವನ್ನೆಲ್ಲ ಪ್ಲೈವುಡ್ ಅಂಗಡಿಯಲ್ಲೋ ಸಾ ಮಿಲ್ಲಿನಲ್ಲೋ ಮಾಡಿಸಿಕೊಂಡು ಬನ್ನಿ. ಸ್ವಲ್ಪ ದುಡ್ಡು ಹೋಗುತ್ತದೆ, ಬೆರಳು ಉಳಿಯುತ್ತದೆ.

ಹೆಜ್ಜೆ 3: ಮರ, ಮತ್ತು ಮುಂಬೈಯ ಮಳೆ

ರೇ ರೋಡ್ ಸ್ಟೇಷನ್ ಇಳಿದರೆ ದಾರುಖಾನಾ ಕಡೆ ಲಕ್ಡಾ ಬಜಾರ್, ಅಂದರೆ ಮರದ ಮಾರುಕಟ್ಟೆ. ಸಿ.ಪಿ. ಟೀಕ್ (ಮಧ್ಯ ಭಾರತದ ತೇಗ), ಬಲ್ಲಾರಶಾ ಟೀಕ್, ಹೊರದೇಶದ ಟೀಕ್, ಪೈನ್, ಹಳೇ ಬಾಗಿಲು ಕಿಟಕಿಯಿಂದ ಬಿಚ್ಚಿದ ಮರ, ಎಲ್ಲ ಸಿಗುತ್ತದೆ. ಹಳೇ ಮರ ಹವ್ಯಾಸಿಗೆ ದೊಡ್ಡ ವರ. ಚೆನ್ನಾಗಿ ಒಣಗಿರುತ್ತದೆ, ಬೆಲೆಯೂ ಕಡಿಮೆ. ಮೊಳೆ ಉಳಿದಿದೆಯಾ ಅಂತ ಒಂದು ಅಯಸ್ಕಾಂತ ಓಡಿಸಿ ನೋಡಿ, ಇಲ್ಲದಿದ್ದರೆ ಕೀಸುಳಿಯ ಬಾಯಿ ಹೋಗುತ್ತದೆ. ಸಣ್ಣ ಸಣ್ಣ ದುಂಡು ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳು ಇನ್ನೂ ಒಳಗಿದೆ ಅಂತ ಅರ್ಥ. ಅಂಥದ್ದನ್ನು ಮನೆಗೆ ತರಬೇಡಿ.

ಮರವನ್ನು ಘನ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 7 ಅಡಿ ಉದ್ದ, 6 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಅಂದರೆ 63 ಭಾಗಿಸು 144, ಸುಮಾರು 0.44 ಘನ ಅಡಿ. ಲೆಕ್ಕ ನೀವೇ ಮಾಡಿಕೊಂಡು ಆಮೇಲೆ ಅಂಗಡಿಯವರ ಬಿಲ್ ನೋಡಿ. ಗಂಟು, ಸೀಳು, ಅಂಚಿನ ಬಿಳಿ ಮರ ಎಲ್ಲ ತೆಗೆದರೆ ಕಾಲು ಭಾಗದಷ್ಟು ವ್ಯರ್ಥ ಹೋಗುವುದು ಮಾಮೂಲು. ಟೀಕಿನ ಬಿಳಿ ಭಾಗಕ್ಕೆ ಹುಳು ಬೇಗ ಹಿಡಿಯುತ್ತದೆ, ಅದನ್ನು ಉಳಿಸಿಕೊಳ್ಳುವ ಆಸೆ ಬೇಡ.

ಮುಂಬೈಯಲ್ಲಿ ಮರಗೆಲಸ ಮಾಡುವವರು ತಲೆಯಲ್ಲಿ ಇಟ್ಟುಕೊಳ್ಳಲೇಬೇಕಾದದ್ದು ತೇವ. ಚಳಿಗಾಲದಲ್ಲಿ ಇಲ್ಲಿ ಮರದೊಳಗಿನ ತೇವ 10-11 ಶೇಕಡಾ ಹತ್ತಿರ ನಿಲ್ಲುತ್ತದೆ. ಜುಲೈ ಮಳೆಯಲ್ಲಿ ಅದೇ ಮರ ಗಾಳಿಯಿಂದ ನೀರು ಕುಡಿದು 16-17ಕ್ಕೆ ಏರುತ್ತದೆ. ತೇವ ಏರಿದರೆ ಮರ ಅಗಲವಾಗುತ್ತದೆ. ಉದ್ದ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಟೀಕ್ ಸಾಧು ಮರ. ಆದರೂ ಒಂದಡಿ ಅಗಲದ ಹಲಗೆ ಚಳಿಗಾಲಕ್ಕೂ ಮಳೆಗಾಲಕ್ಕೂ ನಡುವೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಜನವರಿಯಲ್ಲಿ ಸರಾಗ ಜಾರುತ್ತಿದ್ದ ಡ್ರಾಯರ್ ಜುಲೈನಲ್ಲಿ ಸಿಕ್ಕಿಕೊಳ್ಳುವುದು ಇದಕ್ಕೇ. ಟೇಬಲ್ಲಿನ ಮೇಲ್ಹಲಗೆಯನ್ನು ಸುತ್ತಲೂ ಅಂಟು ಹಾಕಿ ಬಿಗಿದರೆ ಹಲಗೆ ಸೀಳುವುದೂ ಇದಕ್ಕೇ. ಸ್ಕ್ರೂವಿನ ತೂತನ್ನು ಉದ್ದುದ್ದ ಮಾಡಿ, ಮರಕ್ಕೆ ಆಚೀಚೆ ಆಗಲು ಜಾಗ ಬಿಡಿ. ಡ್ರಾಯರನ್ನು ಚಳಿಗಾಲದಲ್ಲಿ ಮಾಡುತ್ತಿದ್ದರೆ ಮೇಲೆ 2 ಮಿ.ಮೀ. ಸಂದು ಇರಲಿ. ಮರ ತಂದ ತಕ್ಷಣ ಕೊಯ್ಯಬೇಡಿ. ನಡುವೆ ಸಣ್ಣ ಪಟ್ಟಿ ಇಟ್ಟು, ಒಂದರ ಮೇಲೊಂದು ಪೇರಿಸಿ, ಮನೆಯ ಗಾಳಿಗೆ ಎರಡು ಮೂರು ವಾರವಾದರೂ ಒಗ್ಗಲು ಬಿಡಿ. ಆರ್ಡರ್ ಹಿಡಿಯುವ ಯೋಚನೆ ಇದ್ದರೆ ಮರದ ತೇವ ಅಳೆಯುವ ಮೊಯಿಶ್ಚರ್ ಮೀಟರ್ ಒಂದು ಇರಲೇಬೇಕು.

ಪ್ಲೈವುಡ್ಡಿನ ವಿಷಯ ಸರಳ. ಅಡುಗೆಮನೆ, ಸಿಂಕ್ ಪಕ್ಕ ಇಡುವ ಸಾಮಾನಿಗೆ ಐಎಸ್ 710 (ಐಎಸ್ ಅಂದರೆ ಭಾರತೀಯ ಮಾನಕ) ಗುರುತಿನ ಮರೀನ್ ಪ್ಲೈ. ಪುಸ್ತಕದ ಕಪಾಟಿನಂಥದ್ದಕ್ಕೆ ಐಎಸ್ 303ರ ಬಿಡಬ್ಲ್ಯೂಆರ್ (ಕುದಿನೀರು ತಡೆಯುವ ಪ್ಲೈ) ಸಾಕು. ಗುರುತು ಹಾಳೆಯ ಮೇಲೇ ಅಚ್ಚಾಗಿರಬೇಕು, ಅಂಗಡಿಯವರ ಬಾಯಿಮಾತು ಸಾಲದು.

ಹೆಜ್ಜೆ 4: ಧೂಳು ಮತ್ತು ಪಾಲಿಶ್

ಇದನ್ನು ಹಗುರವಾಗಿ ತಗೊಳ್ಳಬೇಡಿ. ಮರದ ಧೂಳು ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲನೇ ಗುಂಪಿನಲ್ಲಿ ಸೇರಿಸಿದೆ. ಉಜ್ಜುವಾಗ ಎನ್95 ಮಾಸ್ಕ್ ಹಾಕಲೇಬೇಕು, ಕರ್ಚೀಫು ಕಟ್ಟಿಕೊಂಡರೆ ಆಗುವುದಿಲ್ಲ. ಕೀಸುಳಿ ಚೆನ್ನಾಗಿ ಬಳಸಲು ಬಂದರೆ ಉಜ್ಜುವ ಕೆಲಸವೇ ಕಡಿಮೆಯಾಗುತ್ತದೆ. ಕೈ ಹತಾರಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಇದೂ ಒಂದು ಕಾರಣ.

ಎನ್‌ಸಿ ಪಾಲಿಶ್ (ನೈಟ್ರೋಸೆಲ್ಯುಲೋಸ್ ಪಾಲಿಶ್), ಥಿನ್ನರ್ ಎಲ್ಲ ಬೇಗ ಬೆಂಕಿ ಹಿಡಿಯುತ್ತವೆ. ಗ್ಯಾಸ್ ಒಲೆ ಇರುವ ಫ್ಲ್ಯಾಟಿನೊಳಗೆ ಸ್ಪ್ರೇ ಮಾಡುವ ಮಾತೇ ಬೇಡ. ಹವ್ಯಾಸಕ್ಕೆ ಬಟ್ಟೆಯಿಂದ ಸವರುವ ಎಣ್ಣೆ, ಮೇಣ, ನೀರಿನ ಆಧಾರದ ಪಾಲಿಶ್ ಸಾಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಒಂದೊಂದನ್ನೂ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಹೆಜ್ಜೆ 5: ಕಲಿಯುವ ಕ್ರಮ, ಮತ್ತು ಒಂದು ನೋಟ್‌ಬುಕ್

ಮೊದಲು ಮಣೆ ಮಾಡಿ. ಊಟಕ್ಕೆ ಕೂರುವ ಸಾದಾ ಮಣೆ. ಹಲಗೆ ಸಮ ಮಾಡುವುದು, ಅಂಚು ನೇರ ಮಾಡುವುದು, ಕೆಳಗೆ ಎರಡು ಪಟ್ಟಿ ಕೂರಿಸುವುದು, ಇಷ್ಟರಲ್ಲೇ ಪಾಠ ಬಹಳ ಇದೆ. ಆಮೇಲೆ ಸಣ್ಣ ಪೆಟ್ಟಿಗೆ. ಆಮೇಲೆ ತೂತು ಕೊರೆದು ನಾಲಿಗೆ ಕೂರಿಸುವ ಜೋಡಣೆಯ ಸ್ಟೂಲು. ಡ್ರಾಯರ್, ಬಾಗಿಲು ಕೊನೆಗೆ. ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಬೇಕು ಅನ್ನಿಸಿದರೆ ಐಟಿಐಗಳಲ್ಲಿ ಒಂದು ವರ್ಷದ ಕಾರ್ಪೆಂಟರ್ ಕೋರ್ಸ್ ಇದೆ. ಬೆಂಗಳೂರಿಗೆ ಹೋಗಿಬರುವವರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತರಬೇತಿ ಯಾವಾಗ ಇದೆ ಅಂತ ವಿಚಾರಿಸಬಹುದು. ನಿಮ್ಮ ಏರಿಯಾದ ಹಿರಿಯ ಸುತಾರರ ಹತ್ತಿರ ಸುಮ್ನೆ ಅರ್ಧ ದಿನ ನಿಂತು ನೋಡಿದರೂ ಕಣ್ಣು ತೆರೆಯುತ್ತದೆ. ಚಹಾ ಕುಡಿಸಿ, ಕೇಳಿ. ಹೆಚ್ಚಿನವರು ಖುಷಿಯಿಂದ ತೋರಿಸುತ್ತಾರೆ.

ಮೊದಲ ಮಣೆಯಿಂದಲೇ ಒಂದು ನೋಟ್‌ಬುಕ್ ಇಡಿ. ಪ್ರತಿ ಸಲ ಬೆಂಚಿನ ಮುಂದೆ ನಿಂತಾಗ ಶುರುವಿನ ಹೊತ್ತು, ಮುಗಿದ ಹೊತ್ತು, ಏನು ಮಾಡಿದಿರಿ, ಇಷ್ಟು ಬರೆದರೆ ಸಾಕು. ಮರ ತರಲು ಹೋದ ಹೊತ್ತು, ಉಳಿ ಹರಿತ ಮಾಡಿದ ಹೊತ್ತು, ಕಸ ಗುಡಿಸಿದ ಹೊತ್ತೂ ಸೇರಲಿ. ಹವ್ಯಾಸಕ್ಕೆ ಯಾಕಪ್ಪ ಇದೆಲ್ಲ ಅನ್ನಿಸಬಹುದು. ಯಾರಾದರೂ ದುಡ್ಡು ಕೊಡ್ತೀನಿ ಅಂದ ದಿನ ನಿಮ್ಮ ಕೈಯಲ್ಲಿ ಇರುವ ಒಂದೇ ಆಧಾರ ಈ ಪುಸ್ತಕ.

ಹೆಜ್ಜೆ 6: ಒಂದೇ ಸಾಮಾನನ್ನು ಮೂರು ಸಲ ಮಾಡಿ

ಆರ್ಡರ್ ಹಿಡಿಯುವ ಮನಸ್ಸಿದ್ದರೆ ಹಿಡಿಯುವ ಮೊದಲು ಈ ಪರೀಕ್ಷೆ ಮಾಡಿ. ಒಂದು ಸ್ಟೂಲು ಆರಿಸಿ. ಅದೇ ಅಳತೆ, ಅದೇ ಮರ, ಮೂರು ಮಾಡಿ. ಒಂದೊಂದಕ್ಕೂ ಮುಗಿಸುವ ತಾರೀಕನ್ನು ಮೊದಲೇ ಮನೆಯವರಿಗೆ ಹೇಳಿ.

ಮೊದಲನೆಯದು ಖುಷಿಯಿಂದ ಆಗುತ್ತದೆ. ಎರಡನೆಯದರಲ್ಲಿ ಎಲ್ಲಿ ಹೊತ್ತು ಹೋಗುತ್ತದೆ ಅಂತ ಕಾಣುತ್ತದೆ. ಮೂರನೆಯದು ಮಾಡುವಾಗ ನಿಮ್ಮ ಮನಸ್ಸು ಏನು ಹೇಳುತ್ತದೆ ಅನ್ನುವುದನ್ನು ಗಮನಿಸಿ. ಬೇಗ ಆಗುತ್ತಿದೆ, ಜೋಡಣೆ ಇನ್ನೂ ಬಿಗಿಯಾಗಿ ಕೂರುತ್ತಿದೆ ಅಂತ ಸಂತೋಷವಾದರೆ ಕಾಸಿನ ಕೆಲಸ ನಿಮಗೆ ಒಗ್ಗುತ್ತದೆ. ಮತ್ತೆ ಇದೇನಾ, ಹೊಸದೇನಾದರೂ ಮಾಡೋಣ ಅನ್ನಿಸಿದರೆ ಹವ್ಯಾಸದಲ್ಲೇ ಇರಿ. ಅದರಲ್ಲಿ ಕಡಿಮೆ ಅನ್ನುವಂಥದ್ದು ಏನೂ ಇಲ್ಲ. ತನಗೆ ಬೇಕಾದ್ದನ್ನು, ಬೇಕಾದಷ್ಟು ಹೊತ್ತು ತಗೊಂಡು ಮಾಡುವ ಹವ್ಯಾಸಿಯ ಕೈಯಲ್ಲಿ ಎಷ್ಟೋ ಸಲ ವೃತ್ತಿಯವರಿಗಿಂತ ಅಚ್ಚುಕಟ್ಟು ಕೆಲಸ ಬರುತ್ತದೆ. ವೃತ್ತಿಯವರಿಗೆ ಅಷ್ಟು ಹೊತ್ತು ಸಿಗುವುದಿಲ್ಲ.

ಮೂರಕ್ಕೂ ಹಿಡಿದ ಗಂಟೆಗಳನ್ನು ಹೋಲಿಸಿ. ಮೂರನೆಯದು ಮೊದಲನೆಯದರ ಅರ್ಧದಷ್ಟು ಹೊತ್ತಿಗೆ ಇಳಿಯದಿದ್ದರೆ ಇನ್ನೂ ಸ್ವಲ್ಪ ಕಾಲ ಉಡುಗೊರೆಗಳನ್ನು ಮಾತ್ರ ಮಾಡಿ ಅನ್ನುವುದು ನನ್ನ ಸಲಹೆ.

ಹೆಜ್ಜೆ 7: ಬೆಲೆ ಕಟ್ಟುವುದು

ಹೆಚ್ಚಿನವರು ಸೋಲುವುದು ಇಲ್ಲೇ. ಕಚ್ಚಾ ಸಾಮಾನಿನ ದುಡ್ಡು ಬಂದರೆ ಸಾಕು ಅಂತ ಶುರು ಮಾಡುತ್ತಾರೆ, ಆರು ತಿಂಗಳಲ್ಲಿ ಉಳಿ ಹಿಡಿಯಲೇ ಬೇಜಾರಾಗುತ್ತದೆ. ಒಂದು ಪುಸ್ತಕದ ಕಪಾಟನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ. 5 ಅಡಿ ಎತ್ತರ, 3 ಅಡಿ ಅಗಲ, 11 ಇಂಚು ಆಳ, 18 ಮಿ.ಮೀ. ಪ್ಲೈ.

8 ಅಡಿ, 4 ಅಡಿಯ ಒಂದು ಹಾಳೆಯನ್ನು ಉದ್ದಕ್ಕೆ 11 ಇಂಚಿನ ನಾಲ್ಕು ಪಟ್ಟಿ ಮಾಡಿಸಿ. ಬೇಕಾಗಿರುವುದು 5 ಅಡಿಯ ಎರಡು ಬದಿ, ಮತ್ತು ಮೇಲಿನದು, ಕೆಳಗಿನದು, ನಡುವಿನ ಮೂರು ಸೇರಿ ಐದು ಅಡ್ಡಹಲಗೆ. ಬದಿಹಲಗೆಯ ದಪ್ಪ ಕಳೆದರೆ ಅಡ್ಡಹಲಗೆ 3 ಅಡಿಗಿಂತ ಒಂದೂವರೆ ಇಂಚಿನಷ್ಟು ಚಿಕ್ಕದಾಗುತ್ತದೆ. ಹಾಗಾಗಿ ಒಂದೊಂದು ಪಟ್ಟಿಯಲ್ಲಿ ಒಂದು ಬದಿ, ಒಂದು ಅಡ್ಡಹಲಗೆ ಸರಿಯಾಗಿ ಕೂರುತ್ತದೆ, ಬ್ಲೇಡ್ ತಿನ್ನುವ ಜಾಗವೂ ಉಳಿಯುತ್ತದೆ. ಎರಡು ಪಟ್ಟಿ ಹೀಗೆ ಮುಗಿಯಿತು. ಮೂರನೆಯದರಲ್ಲಿ ಎರಡು ಅಡ್ಡಹಲಗೆ, ನಾಲ್ಕನೆಯದರಲ್ಲಿ ಒಂದು. ಒಂದೇ ಹಾಳೆಯಲ್ಲಿ ಆಗಿ ಇನ್ನೂ ಉಳಿಯಿತು. ಆಳ 12 ಇಂಚು ಬೇಕು ಅಂತ ಗಿರಾಕಿ ಹಟ ಹಿಡಿದರೆ, ಬ್ಲೇಡಿನ ದಪ್ಪ ಹೋಗಿ ನಾಲ್ಕು ಪಟ್ಟಿ ಬರುವುದಿಲ್ಲ, ಎರಡನೇ ಹಾಳೆ ತರಬೇಕಾಗುತ್ತದೆ. ಒಂದಿಂಚಿನ ಬೆಲೆ ಎಷ್ಟು ಅಂತ ಅವರಿಗೆ ಮೊದಲೇ ತೋರಿಸಿದರೆ 11 ಇಂಚಿಗೆ ಕೂಡಲೇ ಒಪ್ಪುತ್ತಾರೆ.

ಈಗ ಹೊತ್ತು. ಮಾತುಕತೆ, ಅಳತೆ, ಚಿತ್ರಕ್ಕೆ 2 ಗಂಟೆ. ಸಾಮಾನು ತರಲು 3. ಕೊಯ್ಯಲು 4. ಜೋಡಿಸಲು 3. ಅಂಚುಪಟ್ಟಿ, ಪುಟ್ಟಿಗೆ 3. ಉಜ್ಜಿ ಪಾಲಿಶ್ ಮಾಡಲು 5. ತಲುಪಿಸಿ ಕೂರಿಸಲು 2. ಒಟ್ಟು 22 ಗಂಟೆ. ಇದರಲ್ಲಿ ನೀವು ಮರಗೆಲಸ ಅಂತ ಇಷ್ಟಪಟ್ಟು ಮಾಡುವುದು ಕೊಯ್ದು ಜೋಡಿಸುವ 7 ಗಂಟೆ ಮಾತ್ರ ಅಲ್ವಾ? ಉಳಿದ 15 ಗಂಟೆ ವ್ಯಾಪಾರ, ಓಡಾಟ, ಉಜ್ಜಾಟ. ಕಾಸಿನ ಕೆಲಸ ಅಂದರೆ ಈ 15 ಗಂಟೆಯನ್ನೂ ಮನಸಾರೆ ಒಪ್ಪಿಕೊಳ್ಳುವುದು.

ದುಡ್ಡು ಹೀಗೆ. ಇದು ಉದಾಹರಣೆಯ ಲೆಕ್ಕ, ನಿಮ್ಮ ಅಂಗಡಿಯ ದರ ಹಾಕಿಕೊಳ್ಳಿ. ಕಚ್ಚಾ ಸಾಮಾನು 7,000 ರೂಪಾಯಿ. ವ್ಯರ್ಥಕ್ಕೆ 700. ಗಂಟೆಗೆ 200ರಂತೆ 22 ಗಂಟೆಗೆ 4,400. ಬ್ಲೇಡು, ಪೇಪರು, ಕರೆಂಟು, ಹತಾರದ ಸವೆತಕ್ಕೆ 600. ಟೆಂಪೋ, ಹಮಾಲಿ 1,300. ಅಲ್ಲಿಗೆ 14,000 ಆಯಿತು. ಅದರ ಮೇಲೆ 15 ಶೇಕಡಾ ಲಾಭ 2,100 ಸೇರಿಸಿದರೆ 16,100. ಲಾಭ ಬೇರೆ, ಕೂಲಿ ಬೇರೆ. ಕೂಲಿ ನಿಮ್ಮ ಹೊತ್ತಿಗೆ, ಲಾಭ ಏನಾದರೂ ಕೆಟ್ಟರೆ ಸರಿಪಡಿಸಲು ಮತ್ತು ಮುಂದಿನ ಹತಾರಕ್ಕೆ. ಗಂಟೆಗೆ ಎಷ್ಟು ಇಡಬೇಕು ಅಂತ ಗೊತ್ತಾಗದಿದ್ದರೆ ನಿಮ್ಮ ಏರಿಯಾದ ಒಳ್ಳೆಯ ಸುತಾರರ ದಿನಗೂಲಿ ಕೇಳಿ 8ರಿಂದ ಭಾಗಿಸಿ. ಅದಕ್ಕಿಂತ ಕಡಿಮೆಗೆ ಇಳಿಯಬೇಡಿ. ಸಂಬಳ ಬರುವ ನಾವು ದರ ಇಳಿಸಿದರೆ ಅದೇ ಕೆಲಸದಲ್ಲಿ ಹೊಟ್ಟೆ ಹೊರೆಯುವವರ ಅನ್ನಕ್ಕೆ ಕಲ್ಲು ಹಾಕಿದ ಹಾಗಾಗುತ್ತದೆ.

ಆನ್‌ಲೈನಿನಲ್ಲಿ ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತಲ್ಲ ಅನ್ನುತ್ತಾರೆ. ಸಿಗುತ್ತದೆ, ಅದು ಹೆಚ್ಚಾಗಿ ಪಾರ್ಟಿಕಲ್ ಬೋರ್ಡು (ಮರದ ಚೂರನ್ನು ಅಂಟು ಹಾಕಿ ಒತ್ತಿದ ಹಲಗೆ). ಜಗಳ ಬೇಡ. ಅದೇ ಸಾಕು ಅನ್ನುವವರಿಗೆ ಅದನ್ನೇ ಕೊಳ್ಳಲು ಹೇಳಿ. ಅಂಗಡಿಯಲ್ಲಿ ಸಿಗದ ಅಳತೆ, ಸಿಗದ ಸಾಮಾನು ಬೇಕಾದವರೇ ನಿಮ್ಮ ಗಿರಾಕಿಗಳು.

ಮುಂಬೈ ಕನ್ನಡಿಗರಲ್ಲಿ ಅಂಥವರು ಬೇಕಾದಷ್ಟಿದ್ದಾರೆ. ದೇವರ ಮಂಟಪ, ತುರಿಮಣೆ, ಶ್ಯಾವಿಗೆ ಒತ್ತುವ ಮಣೆ, ತೊಟ್ಟಿಲು ಕೇಳುತ್ತಾರೆ. ನಮ್ಮ ಕಟ್ಟಡದಲ್ಲಿರುವ ಕಾರ್ಕಳ ಕಡೆಯ ಹಿರಿಯರೊಬ್ಬರು ಮೊಮ್ಮಕ್ಕಳಿಗೆ ಚೆನ್ನೆಮಣೆ ಬೇಕು ಅಂದರು. "ಎಷ್ಟಾಗ್ತದೆ ಮಾರಾಯ್ರೆ?" ಅಂತ ಮೆಟ್ಟಿಲಲ್ಲೇ ಕೇಳಿದರು. "ನಾಡಿದ್ದು ಹೇಳ್ತೇನೆ ಅಕ್ಕ" ಅಂದೆ. ಮೆಟ್ಟಿಲ ಮೇಲೆ ನಿಂತು ಬೆಲೆ ಹೇಳಬಾರದು. ಚೆನ್ನೆಮಣೆಗೆ ಎರಡು ಸಾಲಿನಲ್ಲಿ 14 ಗುಳಿ. ಬಾಗಿದ ಬಾಯಿಯ ಉಳಿಯಲ್ಲಿ ಒಂದು ಗುಳಿ ತೋಡಿ ನುಣುಪು ಮಾಡಲು ಅರ್ಧ ಗಂಟೆ ಹಿಡಿದರೆ ಗುಳಿಗಳಿಗೇ 7 ಗಂಟೆ. ಎಲ್ಲ ಗುಳಿಯ ಆಳ ಒಂದೇ ಇರಬೇಕು, ಇಲ್ಲದಿದ್ದರೆ ಮಕ್ಕಳ ಬೆರಳಿಗೆ ಕಾಯಿ ಸಿಗುವುದಿಲ್ಲ. ಲೆಕ್ಕ ಬರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. "ಆಗ್ಲಿ. ಆದ್ರೆ ಆಟಿಗೆ ಮುಂಚೆ ಬೇಕು" ಅಂದರು. ತುಳುವರ ಆಟಿ ತಿಂಗಳು ಬರುವುದು ಜುಲೈ ನಡುವಿಗೆ, ಮಳೆಯ ಮಧ್ಯೆ. ಆಗ ತಂದ ಹಸಿ ಮರ ಒಣಗುವ ಮಾತೇ ಇಲ್ಲ. ಬೇಸಿಗೆಯಲ್ಲೇ ಹಲಸಿನ ಹಲಗೆ ತಂದು ಪೇರಿಸಿ ಇಟ್ಟಿದ್ದರಿಂದ ಒಪ್ಪಿಕೊಳ್ಳಲು ಸಾಧ್ಯವಾಯಿತು.

ಹೆಜ್ಜೆ 8: ಮಾತು ಬರಹದಲ್ಲಿರಲಿ

ಸಂಬಂಧಿಕರಾದರೂ ಸರಿ, ವಾಟ್ಸಾಪಿನಲ್ಲಿ ಒಂದು ಮೆಸೇಜ್ ಇರಲಿ. ಅಳತೆ, ಮರ, ಪಾಲಿಶಿನ ಬಣ್ಣ, ಬೆಲೆಯಲ್ಲಿ ಏನೇನು ಸೇರಿದೆ, ಯಾವ ವಾರಕ್ಕೆ ಕೊಡುತ್ತೀರಿ. ಬಣ್ಣವನ್ನು ಫೋಟೋದಲ್ಲಿ ಒಪ್ಪಿಸಬೇಡಿ, ಅದೇ ಮರದ ತುಂಡಿನ ಮೇಲೆ ಸವರಿ ಕೈಯಲ್ಲಿ ಕೊಡಿ. ಕಚ್ಚಾ ಸಾಮಾನಿನ ಪೂರ್ತಿ ದುಡ್ಡು ಮುಂಗಡ ತಗೊಳ್ಳಿ. ಕೆಲಸ ಶುರುವಾದ ಮೇಲೆ ಅಳತೆ ಬದಲಾದರೆ ಬೆಲೆಯೂ ಬದಲಾಗುತ್ತದೆ ಅನ್ನುವ ಸಾಲು ಮರೆಯಬೇಡಿ. ಮಳೆಗಾಲದಲ್ಲಿ ಮರ ಸ್ವಲ್ಪ ಹಿಗ್ಗುತ್ತದೆ, ಅದು ದೋಷವಲ್ಲ ಅನ್ನುವುದನ್ನೂ ಬರೆಯಿರಿ.

ತೀರಾ ಹತ್ತಿರದವರು ಕೇಳಿದರೆ ಎರಡೇ ದಾರಿ ಇಟ್ಟುಕೊಳ್ಳಿ, ಪೂರ್ತಿ ಬೆಲೆ ಅಥವಾ ಪೂರ್ತಿ ಉಡುಗೊರೆ. ಅರ್ಧ ಬೆಲೆಯ ಕೆಲಸದಲ್ಲಿ ಇಬ್ಬರಿಗೂ ಸಮಾಧಾನ ಇರುವುದಿಲ್ಲ.

ಹೆಜ್ಜೆ 9: ಲಿಫ್ಟ್ ಅಳೆಯಿರಿ

ಹೌದು, ಇದಕ್ಕೆ ಒಂದು ಪ್ರತ್ಯೇಕ ಹೆಜ್ಜೆಯೇ ಬೇಕು. ನಿಮ್ಮ ಕಟ್ಟಡದ ಲಿಫ್ಟು, ಅವರ ಕಟ್ಟಡದ ಲಿಫ್ಟು, ಮೆಟ್ಟಿಲಿನ ತಿರುವು, ಅವರ ಮನೆಯ ಬಾಗಿಲು, ನಾಲ್ಕನ್ನೂ ಅಳೆದ ಮೇಲೆಯೇ ಚಿತ್ರ ಬರೆಯಿರಿ. 6 ಅಡಿಗಿಂತ ಉದ್ದದ್ದು ಏನೇ ಇದ್ದರೂ ಬಿಚ್ಚಿ ಜೋಡಿಸುವಂತೆ ಮಾಡುವುದು ಕ್ಷೇಮ. ಸಾಮಾನು ಒಳಗೆ ಬಿಡುವ ಹೊತ್ತು ಯಾವುದು ಅಂತ ಅವರ ವಾಚ್‌ಮನ್ ಹತ್ತಿರ ಮೊದಲೇ ಕೇಳಿ.

ಫ್ಲ್ಯಾಟಿನಲ್ಲಿ ಕೆಲಸ ಮಾಡುವವರು ವಾರ್ಡ್‌ರೋಬ್, ಮಂಚ, ಮಾಡ್ಯುಲರ್ ಕಿಚನ್ ಒಪ್ಪಬಾರದು. ಅದಕ್ಕೆ ಜಾಗ ಬೇಕು, ಜನ ಬೇಕು. ಒಬ್ಬರೇ ಎತ್ತಬಹುದಾದ ಸಾಮಾನು ಮಾತ್ರ ಅಂತ ಒಂದು ನಿಯಮ ಇಟ್ಟುಕೊಂಡರೆ ಎಷ್ಟೋ ತೊಂದರೆ ತಪ್ಪುತ್ತದೆ. ಗಿರಾಕಿಗಳು ಕೇಳಿದರೂ ತೊಟ್ಟಿಲು, ಮಕ್ಕಳ ಬಂಕ್ ಮಂಚದಂಥವು ಅನುಭವ ಆಗುವವರೆಗೂ ಬೇಡ. ಅಲ್ಲಿ ಜೋಡಣೆ ತಪ್ಪಿದರೆ ಮಗುವಿಗೆ ಪೆಟ್ಟಾಗುತ್ತದೆ.

ಹೆಜ್ಜೆ 10: ಕಾಗದಪತ್ರ

ವರ್ಷಕ್ಕೆ ನಾಲ್ಕೈದು ಸಾಮಾನು ಮಾರಿದರೂ ಆ ಆದಾಯವನ್ನು ಇನ್‌ಕಮ್ ಟ್ಯಾಕ್ಸ್ ರಿಟರ್ನಿನಲ್ಲಿ ತೋರಿಸಬೇಕು. ಸಣ್ಣ ವ್ಯಾಪಾರಕ್ಕೆ ಅಂದಾಜು ಲಾಭದ ಪದ್ಧತಿ ಇದೆ: ವಹಿವಾಟಿನ 8 ಶೇಕಡಾ, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದಕ್ಕೆ 6 ಶೇಕಡಾ ಲಾಭ ಅಂತ ತೋರಿಸಬಹುದು. ಜಿಎಸ್‌ಟಿ ಮಹಾರಾಷ್ಟ್ರದಲ್ಲಿ ಸಾಮಾನು ಮಾರಾಟಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಬರುತ್ತದೆ. ಆದರೆ ಬೆಂಗಳೂರಿನ ಗಿರಾಕಿಗೆ ಇಲ್ಲಿಂದ ಫರ್ನಿಚರ್ ಮಾರಿ ಕಳಿಸಿದರೆ ಅದು ಹೊರರಾಜ್ಯದ ಮಾರಾಟ. ಅದಕ್ಕೆ ಮೊತ್ತ ಸಣ್ಣದಿದ್ದರೂ ನೋಂದಣಿ ಕೇಳುತ್ತದೆ, ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ರಿಯಾಯಿತಿ. ಕಳಿಸುವ ಮೊದಲು ಸಿಎ ಒಬ್ಬರನ್ನು ಕೇಳಿ. ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ.

ನೌಕರಿಯಲ್ಲಿರುವವರು ನೇಮಕಾತಿ ಪತ್ರ ತೆಗೆದು ಓದಿ. ಬೇರೆ ಕಡೆ ದುಡಿಯಬಾರದು ಅನ್ನುವ ಷರತ್ತು ಬಹಳ ಕಡೆ ಇರುತ್ತದೆ. ಸೊಸೈಟಿಗೂ ಹವ್ಯಾಸ ಬೇರೆ, ಫ್ಲ್ಯಾಟಿನಲ್ಲಿ ವ್ಯಾಪಾರ ಬೇರೆ. ಆರ್ಡರ್ ಹೆಚ್ಚಾದರೆ ಎನ್‌ಒಸಿ (ಒಪ್ಪಿಗೆ ಪತ್ರ) ಕೇಳಬೇಕಾಗುತ್ತದೆ, ಇಲ್ಲವೇ ಭಿವಂಡಿ, ವಸಾಯಿ ಕಡೆ ಒಂದು ಗಾಳಾದಲ್ಲಿ (ಕಾರ್ಖಾನೆ ಶೆಡ್ಡಿನಲ್ಲಿ) ಮೂಲೆ ಬಾಡಿಗೆಗೆ ಹಿಡಿಯಬೇಕು. ಪೂರ್ತಿ ಇದೇ ಕಸುಬು ಅಂತ ಇಳಿಯುವವರು ಪಿಎಂ ವಿಶ್ವಕರ್ಮ ಯೋಜನೆ ನೋಡಬಹುದು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಇದರ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ, ಹತಾರಕ್ಕೆ 15,000 ರೂಪಾಯಿ ನೆರವಿದೆ. ಅದು ಕೈಕಸುಬಿನಿಂದಲೇ ಬದುಕುವವರಿಗಾಗಿ ಇರುವುದು, ಸಂಬಳದವರು ಅದಕ್ಕೆ ಕೈ ಹಾಕಬಾರದು.

ಹೆಜ್ಜೆ 11: ಎರಡನ್ನೂ ಉಳಿಸಿಕೊಳ್ಳುವುದು

ನನ್ನ ಮಟ್ಟಿಗೆ ಹೆಚ್ಚಿನವರಿಗೆ ಒಗ್ಗುವುದು ನಡುದಾರಿ. ಒಂದು ಹೊತ್ತಿಗೆ ಒಂದೇ ಆರ್ಡರ್. ಅದು ಮುಗಿದ ಮೇಲೆ ನಿಮ್ಮದೇ ಒಂದು ಸಾಮಾನು, ಅದಕ್ಕೆ ಗಡುವಿಲ್ಲ, ಗಿರಾಕಿ ಇಲ್ಲ. ಆಮೇಲೆ ಮುಂದಿನ ಆರ್ಡರ್. ಕಾಯಲು ಒಪ್ಪುವವರು ಕಾಯುತ್ತಾರೆ. ಆರ್ಡರಿನ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಇಟ್ಟು, ಹತಾರ, ಮರ ಎಲ್ಲ ಅದರಿಂದಲೇ ಕೊಳ್ಳಿ. ವರ್ಷದ ಕೊನೆಗೆ ಆ ಖಾತೆಯಲ್ಲಿ ಏನು ಉಳಿದಿದೆ, ನೋಟ್‌ಬುಕ್ಕಿನಲ್ಲಿ ಎಷ್ಟು ಗಂಟೆ ಆಗಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮುಂದೆ ಹೋಗಬೇಕಾ ಬೇಡವಾ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಕ್ಯಾಲೆಂಡರ್ ಮಳೆಗೆ ಹೊಂದಿಸಿ. ನವೆಂಬರಿನಿಂದ ಮೇ ತನಕ ಆರ್ಡರ್ ತಗೊಳ್ಳಿ. ಫೆಬ್ರವರಿ, ಮಾರ್ಚಿನಲ್ಲಿ ಮುಂದಿನ ವರ್ಷದ ಮರ ತಂದು ಪೇರಿಸಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಲಿಶ್ ಬೇಗ ಒಣಗುವುದಿಲ್ಲ, ಎನ್‌ಸಿ ಪಾಲಿಶ್ ಆದರೆ ತೇವಕ್ಕೆ ಬೆಳ್ಳಗೆ ಮಂಕು ಹಿಡಿಯುತ್ತದೆ. ಆ ನಾಲ್ಕು ತಿಂಗಳು ಹೊಸ ಆರ್ಡರ್ ಬೇಡ. ಹೊಸ ಜೋಡಣೆ ಕಲಿಯಿರಿ, ಹತಾರಕ್ಕೆ ತುಕ್ಕು ಹಿಡಿಯದಂತೆ ಎಣ್ಣೆ ಒರೆಸಿಡಿ, ಉಳಿದ ತುಂಡುಗಳಲ್ಲಿ ಮನೆಯವರು ಕೇಳಿದ್ದನ್ನು ಮಾಡಿಕೊಡಿ. ಯಾರಾದರೂ ಗಣೇಶ ಚೌತಿಗೆ ಮಂಟಪ ಬೇಕು ಅಂದರೆ ಮೇ ತಿಂಗಳೊಳಗೆ ಹೇಳಿ ಅಂತ ಈಗಲೇ ತಿಳಿಸಿಬಿಡಿ.